ನಾಲ್ಕನೆಯ ಪ್ರಯಾಣಿಕರು

ಮೊನ್ನೆ ಬಟ್ಟೆ ಒಗೆಯುವ ಯಂತ್ರದೊಳಗೆ ಏನೋ ಟಕಟಕ ಎನ್ನತೊಡಗಿತು. ಮೂವತ್ತೈದು ವರ್ಷ ಸಿಂಗಪುರದ ಸೆಲೆಟಾರಿನಲ್ಲಿ ವಿಮಾನಗಳ ಹೊಟ್ಟೆಯೊಳಗೆ ಕೈಹಾಕಿ ಬದುಕಿದವನಿಗೆ, ತಿರುಗುವ ಯಂತ್ರದಿಂದ ಬರುವ ಅಪರಿಚಿತ ಸದ್ದು ರಾಜದ್ರೋಹಕ್ಕೆ ಸಮಾನ. ಸಕಲ ವಿಧಿಗಳೊಂದಿಗೆ ಯಂತ್ರವನ್ನು ನಿಲ್ಲಿಸಿ, ನೀರಿಳಿಸಿ, ಕನ್ನಡಕ ಏರಿಸಿ ತನಿಖೆ ನಡೆಸಿದೆ. ಸಿಕ್ಕಿಬಿದ್ದದ್ದು ಒಂದು ಗೋಟಡಿಕೆ. ನನ್ನ ಹೆಂಡತಿ ಸರೋಜ ತನ್ನ ಬಟ್ಟೆಯ ಕೈಚೀಲವನ್ನು ಒಗೆಯಲು ಹಾಕಿದ್ದಳು. ಅದರ ಒಳಜೇಬಿನ ಕಾಯಂ ನಿವಾಸಿ ಅದು. ಮಿಂದು ಮಡಿಯಾಗಿ, ಮೊದಲಿಗಿಂತ ಗೌರವಸ್ಥನಂತೆ ಹೊಳೆಯುತ್ತಿತ್ತು.

ಇದು ತಿನ್ನುವ ಅಡಿಕೆಯಲ್ಲ. ಪ್ರಯಾಣ ಮಾಡುವ ಅಡಿಕೆ. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಟರೆ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆ ಗುರುತ್ವಾಕರ್ಷಣೆಗಿಂತ ಹಳೆಯ ನಿಯಮ. ಮೂವರೇ ಹೋಗಬೇಕಾಗಿ ಬಂದರೆ ಒಂದು ಅಡಿಕೆಯನ್ನೋ ಕಲ್ಲನ್ನೋ ನಾಲ್ಕನೆಯವರೆಂದು ಜೊತೆಗೆ ಕರೆದೊಯ್ಯಬೇಕು. ನೀವು ನಗಬಹುದು. ನಾನೂ ಎಪ್ಪತ್ತು ವರ್ಷ ನಕ್ಕವನೇ.

ನನಗೆ ಏಳೆಂಟು ವರ್ಷವಿದ್ದಾಗ ಅಪ್ಪ, ಚಿಕ್ಕಪ್ಪ ಮತ್ತು ನಾನು ಅರಸೀಕೆರೆಯಿಂದ ತಿಪಟೂರಿಗೆ ಚಿಕ್ಕಪ್ಪನಿಗೆ ಹೆಣ್ಣು ನೋಡಲು ಹೊರಟೆವು. ಹೊಸ್ತಿಲಲ್ಲಿ ಅಜ್ಜಿ ತಲೆ ಎಣಿಸಿ, ಹಿತ್ತಲಿಗೆ ಹೋಗಿ ಮುಷ್ಟಿಗಾತ್ರದ ಕಲ್ಲೊಂದನ್ನು ತೊಳೆದು ತಂದು, ಕುಂಕುಮವಿಟ್ಟು, "ಬಾಪ್ಪ, ನೀನೂ ಹೋಗ್ಬಿಟ್ಟು ಬಾ" ಎಂದು ನನ್ನ ಕೈಗಿಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅದಕ್ಕೆ ಕಿಟಕಿ ಕಾಣಲೆಂದು ಸ್ವಲ್ಪ ಎತ್ತಿಯೂ ಹಿಡಿದೆ. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಬಂದವು. ಕಲ್ಲನ್ನು ಪಕ್ಕದಲ್ಲಿಟ್ಟವನು ಅಲ್ಲೇ ಮರೆತು ಬಂದೆ. ಸಂಜೆ ಮನೆಗೆ ಬಂದಾಗ ಅಜ್ಜಿ ಹುಡುಗಿ ಹೇಗಿದ್ದಾಳೆಂದು ಕೇಳಲಿಲ್ಲ. ತಲೆ ಎಣಿಸಿದಳು. "ಇನ್ನೊಬ್ರೆಲ್ಲಿ?" ಎಂದಳು. ಚಿಕ್ಕಪ್ಪ ನಕ್ಕ. ಅಜ್ಜಿ ನಗಲಿಲ್ಲ. "ಕರ್ಕೊಂಡು ಹೋದವರನ್ನ ಬಿಟ್ಟು ಬರ್ತಾರೇನ್ರೋ?" ಎಂದಳು.

ಆ ಮಾತು ಹೊಕ್ಕ ಮೇಲೆ ನನಗೆ ನೆಮ್ಮದಿಯಿಲ್ಲ. ತಿಪಟೂರಿನಿಂದ ಅರಸೀಕೆರೆಗೆ ಒಂದು ಕಲ್ಲು, ಹಣೆಯಲ್ಲಿ ಕುಂಕುಮ ಹೊತ್ತು, ಡಾಂಬರು ರಸ್ತೆಯ ಅಂಚಿನಲ್ಲಿ ಒಂದೇ ಸಮನೆ ಉರುಳಿಕೊಂಡು ಬರುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಮಟಮಟ ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಬಾಗಿಲ ಬುಡದಲ್ಲಿ ಸದ್ದಾದರೆ ನಾನು ತೆಗೆಯುತ್ತಿರಲಿಲ್ಲ. ಅಷ್ಟು ತಗ್ಗಿನಿಂದ ಬಾಗಿಲು ಬಡಿಯುವವರು ಇನ್ನಾರು?

ಇರಲಿ. ನಾನು ಹೇಳಹೊರಟಿದ್ದು ವಿಮಾನದ ಟಿಕೆಟ್ಟಿನ ಸಂಗತಿ.

ಲಾಸ್ ಏಂಜಲೀಸಿನಿಂದ ಸಿಯಾಟಲಿಗೆ ಮೂವರ ಟಿಕೆಟ್ ತೆಗೆಯಬೇಕಿತ್ತು. ಪಶ್ಚಿಮ ಕರಾವಳಿ ಎಂದರೆ ಮಂಗಳೂರು, ಕಾರವಾರ ಎಂದು ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದವನು ನಾನು. ಅಮೆರಿಕಕ್ಕೂ ಒಂದು ಪಶ್ಚಿಮ ಕರಾವಳಿ ಇದೆ, ಅದರ ಕೆಳತುದಿಯಲ್ಲೊಂದು ದೊಡ್ಡ ಊರು, ಮೇಲ್ತುದಿಯಲ್ಲೊಂದು ದೊಡ್ಡ ಊರು, ನಡುವೆ ವಿಮಾನಕ್ಕೆ ಮೂರು ಗಂಟೆಯೊಳಗಿನ ದಾರಿ ಎಂಬುದನ್ನು ಹೆಂಡತಿಯ ಒಡಹುಟ್ಟಿದವರಿಂದ ಕಲಿತೆ. ಕೆಳಗಿನ ಊರಿನಲ್ಲಿ ಅವಳ ಅಕ್ಕ ಪದ್ದಕ್ಕ. ಮೇಲಿನ ಊರಿನಲ್ಲಿ ತಮ್ಮ ರಂಗ. ಈ ಮೂರು ಗಂಟೆಯ ದಾರಿಯನ್ನು ಇಬ್ಬರೂ ಹನ್ನೊಂದು ವರ್ಷದಿಂದ ದಾಟಿರಲಿಲ್ಲ. ಮಾತೂ ಇರಲಿಲ್ಲ. ಈಗ ರಂಗನಿಗೆ ಹೃದಯದ ಆಪರೇಷನ್ ನಿಗದಿಯಾಗಿತ್ತು. ಅದಕ್ಕೆ ಮುಂಚೆ ಅಕ್ಕನನ್ನು ಒಮ್ಮೆ ನೋಡಬೇಕು ಎಂದು ಸರೋಜಳ ಹತ್ತಿರ ಫೋನಿನಲ್ಲಿ ಅತ್ತಿದ್ದ. ಕಣ್ಣು ಮಂಜಾದ ಪದ್ದಕ್ಕ ಒಬ್ಬರೇ ಹೋಗುವಂತಿಲ್ಲ. ಸರೋಜ ಮತ್ತು ನಮ್ಮ ಮಗಳು ಸ್ಮಿತಾ ಇಲ್ಲಿಂದ ಹೋಗಿ, ಅವರನ್ನು ಕರೆದುಕೊಂಡು ಸಿಯಾಟಲಿಗೆ ಹೋಗುವುದೆಂದಾಯಿತು. ನನಗೆ ಮೊಣಕಾಲು ನೋವು. ನಾನು ಬರುವುದಿಲ್ಲ ಎಂದೆ.

ಮೊಣಕಾಲಿನ ಸತ್ಯವನ್ನು ಆಮೇಲೆ ಹೇಳುತ್ತೇನೆ. ಮೊದಲು ಜಗಳದ ಮೂಲ.

ಹನ್ನೊಂದು ವರ್ಷದ ಹಿಂದೆ ನನ್ನ ಅತ್ತೆ ಕಮಲಮ್ಮನವರು ಮೂರು ತಿಂಗಳು ಇದ್ದು ಹೋಗಲೆಂದು ಬುಕಿತ್ ಬಾಟೋಕಿನ ಈ ಫ್ಲಾಟಿಗೆ ಬಂದರು. ಹೋಗಿಬರುವ ಟಿಕೆಟ್ ನಾನೇ ಮಾಡಿದ್ದೆ. ಒಂದು ಮಧ್ಯಾಹ್ನ ಊಟ ಮುಗಿಸಿ, "ಸ್ವಲ್ಪ ಮಲಗ್ತೀನಿ, ನಾಲ್ಕಕ್ಕೆ ಎಬ್ಬಿಸಿ" ಎಂದು ಹಿಂದಿನ ಕೋಣೆಗೆ ಹೋದವರು ಏಳಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಯಾರೂ ಸಾಯಬಾರದು. ಉಳಿದವರಿಗೆ ನಂಬುವುದೇ ಕಷ್ಟವಾಗುತ್ತದೆ. ಆಗ ಪದ್ದಕ್ಕ ಲಾಸ್ ಏಂಜಲೀಸಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದರು. ರಂಗ ಸಿಯಾಟಲಿನಿಂದ ಧಾವಿಸಿ ಬಂದ. ಪದ್ದಕ್ಕನಿಂದ ಫೋನ್ ಬಂತು: ಅಮ್ಮನಿಗೆ ಕೊಡು. ರಂಗ "ಮಲಗಿದ್ದಾಳೆ ಅಕ್ಕ" ಎಂದ. ಹದಿಮೂರು ದಿನ, ದಿನಕ್ಕೊಂದು ಸಲ, ಅದೇ ಮಾತು. ಹದಿನಾಲ್ಕನೆಯ ದಿನ ಮೈಸೂರಿನ ಯಾರೋ ನೆಂಟರು ಪದ್ದಕ್ಕನಿಗೆ ಸಂತಾಪ ಹೇಳಲು ಫೋನ್ ಮಾಡಿದರು.

ಪದ್ದಕ್ಕ ಅಳಲಿಲ್ಲವಂತೆ. ರಂಗನಿಗೆ ಫೋನ್ ಮಾಡಿ, ಹೇಳಬೇಡ ಅಂದದ್ದು ಯಾರು ಎಂದು ಕೇಳಿದರು. "ನಾನೇ ಅಕ್ಕ" ಎಂದ. ಅಲ್ಲಿಗೆ ಮುಗಿಯಿತು. ಅಂದಿನಿಂದ ಪದ್ದಕ್ಕ ಒಂದು ವಿಚಿತ್ರವಾದ ಹಟಕ್ಕೆ ಬಿದ್ದರು. ಯಾರಾದರೂ ನಿಮ್ಮ ತಾಯಿ ಹೇಗಿದ್ದಾರೆ ಎಂದರೆ ಮುಖದ ಒಂದು ಗೆರೆಯೂ ಕದಲದೆ, "ಸಿಂಗಪುರದಲ್ಲಿದ್ದಾಳೆ. ಮಲಗಿದ್ದಾಳೆ" ಎನ್ನುತ್ತಿದ್ದರು. ಒಡಹುಟ್ಟಿದವರು ಹೇಳದ ಸಾವನ್ನು ಪರರು ಹೇಳಿದರೆಂದು ನಂಬಬೇಕೇ ಎಂಬುದು ಅವರ ವಾದವೋ, ಶಿಕ್ಷೆಯೋ, ಅಥವಾ ನಿಜಕ್ಕೂ ತಲೆಯಲ್ಲೇನೋ ಜಾರಿಹೋಗಿದೆಯೋ, ನಮಗೆ ತಿಳಿಯಲಿಲ್ಲ. ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ. ಒಂದೊಂದು ಸಲ ಸರೋಜಳಿಗೆ ಫೋನ್ ಮಾಡಿದಾಗ ದನಿ ತಗ್ಗಿಸಿ ಮಾತಾಡುತ್ತಿದ್ದರು, ಅಮ್ಮನಿಗೆ ಎಚ್ಚರವಾದೀತೆಂದು.

ಈಗ ಮೊಣಕಾಲು. ಆ ದಿನ ಫೋನ್ ಬಂದಾಗ ರಂಗನ ಎದುರು ನಾನು ಕೂತಿದ್ದೆ. ನನ್ನ ಕೈಯಲ್ಲಿ ಗ್ರಾಫ್ ಹಾಳೆಯ ಪ್ಯಾಡ್ ಇತ್ತು. ಉತ್ತರಕ್ರಿಯೆಗೂ ನಾನು ಗ್ರಾಫ್ ಹಾಳೆಯಲ್ಲೇ ಪಟ್ಟಿ ಮಾಡುವವನು. ಅದರ ಮೇಲೆ ದಪ್ಪಕ್ಷರದಲ್ಲಿ "ಮಲಗಿದ್ದಾಳೆ ಅನ್ನು" ಎಂದು ಬರೆದು ಅವನ ಮುಂದೆ ಹಿಡಿದವನು ನಾನು. ಹೊಲಿಗೆ ಆರುವವರೆಗೆ ಹೇಳಬಾರದು ಎಂದು ತೀರ್ಮಾನ ಕೊಟ್ಟವನೂ ನಾನೇ. ರಂಗ ತಪ್ಪನ್ನು ತನ್ನ ತಲೆಗೆ ಎಳೆದುಕೊಂಡ. ಸರೋಜಳಿಗಾದರೂ ಅಕ್ಕ ಉಳಿಯಲಿ ಎಂದಿರಬೇಕು. ಅದನ್ನು ಕೇಳಿಸಿಕೊಂಡು ನಾನು ಬಾಯಿ ತೆರೆದೆ, ನಿಜ. ತೆರೆದ ಬಾಯನ್ನು ಕಾಫಿ ಕುಡಿಯಲು ಬಳಸಿದೆ. ಹನ್ನೊಂದು ವರ್ಷ ಸರೋಜಳಿಗೂ ಹೇಳಲಿಲ್ಲ. ಆ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂತು ಮಾತಾಡಿದರೆ ಮೊದಲ ಅರ್ಧ ಗಂಟೆಯಲ್ಲೇ ನನ್ನ ಪ್ಯಾಡು ಹೊರಬೀಳುತ್ತದೆ. ಆ ಕೋಣೆಯಲ್ಲಿ ನಾನಿರಬಾರದೆಂದು ನನ್ನ ಮೊಣಕಾಲು ಬಹಳ ದೂರಾಲೋಚನೆಯಿಂದ ನೋಯತೊಡಗಿತ್ತು.

ಟಿಕೆಟ್ ತೆಗೆಯುವ ಮುಹೂರ್ತ ಒಂದು ಗುರುವಾರ ಬಂತು. ಎರಡು ವಾರದಿಂದ ಗ್ರಾಫ್ ಹಾಳೆಯಲ್ಲಿ ವಿಮಾನಗಳು ಏರುವ ಹೊತ್ತು, ಇಳಿಯುವ ಹೊತ್ತು, ಪದ್ದಕ್ಕನ ಔಷಧಿಯ ಹೊತ್ತು, ಎಲ್ಲವನ್ನೂ ಬೇರೆ ಬೇರೆ ಬಣ್ಣದ ಗೆರೆಗಳಲ್ಲಿ ಎಳೆದಿದ್ದೆ. ಕಷ್ಟವೆಲ್ಲ ಕಾಲದ್ದು. ನಮ್ಮಲ್ಲಿ ಗುರುವಾರ ಮಧ್ಯಾಹ್ನವಾದಾಗ ಅಲ್ಲಿ ಇನ್ನೂ ಬುಧವಾರ. ಇಲ್ಲಿ ನಡೆದುಹೋದದ್ದು ಅಲ್ಲಿ ಇನ್ನೂ ನಡೆದಿಲ್ಲ. ನಿನ್ನೆಯಲ್ಲಿ ವಾಸಿಸುವವರಿಗೆ ಟಿಕೆಟ್ ತೆಗೆಯುತ್ತಿದ್ದೇನೆ ಎನಿಸಿ ಒಂದೆರಡು ಸಲ ಪೆನ್ಸಿಲು ಕೆಳಗಿಟ್ಟದ್ದುಂಟು.

"ಒಂದೂವರೆಗೆ ರಾಹುಕಾಲ. ಅದ್ರೊಳಗೆ ಬುಕ್ ಮಾಡಿ ಮುಗಿಸಿ" ಎಂದಳು ಸರೋಜ, ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರ್ ನೋಡುತ್ತ.

"ಅದು ಇಂಡಿಯಾದ ಒಂದೂವರೆ. ಇಲ್ಲಿ ನಾಲ್ಕಾಗುತ್ತೆ. ಮತ್ತೆ ಪ್ರಯಾಣ ಇರೋದು ಅಮೆರಿಕದಲ್ಲಿ, ಅಲ್ಲಿನ ರಾಹುವಿನ ಟೈಮ್‌ಟೇಬಲ್ ಯಾವುದು?"

"ಎಲ್ಲಾ ರಾಹುಗಳನ್ನೂ ತಪ್ಪಿಸಿ. ಒಂದೂ ಇಪ್ಪತ್ತು ಆಯ್ತು."

ಪರದೆಯ ಮೇಲೆ ಮೊದಲ ಪ್ರಶ್ನೆ: ಪ್ರಯಾಣಿಕರು ಎಷ್ಟು ಜನ? ಮೂರು ಎಂದು ಒತ್ತಲು ಬೆರಳು ಎತ್ತಿದೆ. ಸರೋಜ ನನ್ನ ಮಣಿಕಟ್ಟು ಹಿಡಿದಳು.

"ಮೂರು ಅಂತ ಶುರು ಮಾಡ್ಬೇಡಿ ರೀ. ಮುರಿದ ಸಂಬಂಧ ಜೋಡಿಸೋಕೆ ಹೋಗ್ತಿರೋದು."

"ನೀನು ಹೇಗೂ ಚೀಲದಲ್ಲಿ ಅಡಿಕೆ ಇಟ್ಕೋತೀಯಲ್ಲ?"

"ಚೀಲದಲ್ಲಿರೋದು ಕಂಪ್ಯೂಟರಿಗೆ ಗೊತ್ತಾಗುತ್ತಾ? ನಾಲ್ಕು ಅಂತ ಹಾಕಿ, ಕೊನೇಲಿ ಒಂದು ತೆಗೆದುಬಿಡಿ."

ನಾಲ್ಕು ಹಾಕಿದೆ. ನಾಲ್ಕು ಹೆಸರು ಕೇಳಿತು. ಮೂರನ್ನು ತುಂಬಿದೆ. ನಾಲ್ಕನೆಯದಕ್ಕೆ ಆ ಜಾಲತಾಣ ಹಿಂದೆ ಯಾವಾಗಲೋ ಉಳಿಸಿಟ್ಟುಕೊಂಡಿದ್ದ ಪ್ರಯಾಣಿಕರ ಪಟ್ಟಿಯನ್ನು ಸೌಜನ್ಯದಿಂದ ಬಿಚ್ಚಿ ತೋರಿಸಿತು. ಅದರಲ್ಲಿ ಒಂದೇ ಹೆಸರು ಬಾಕಿ ಇತ್ತು.

"ತಗೋ, ನಿಮ್ಮಮ್ಮನೇ ಬರಲಿ ಜೊತೆಗೆ" ಎಂದು ಒತ್ತಿದೆ. ತಮಾಷೆ ನೋಡಿ ನನ್ನದು. ಸರೋಜ ಕೂಡ ಸಣ್ಣಗೆ ನಕ್ಕಳು, ಯಾಕೋ ಸೆರಗು ಸರಿಪಡಿಸಿಕೊಂಡಳು.

ದೇಶದೊಳಗಿನ ವಿಮಾನವಾದ್ದರಿಂದ ಅದು ಪಾಸ್‌ಪೋರ್ಟ್ ಕೇಳಲಿಲ್ಲ. ಹುಟ್ಟಿದ ದಿನ ಅದಕ್ಕೇ ಗೊತ್ತಿತ್ತು. ಗಾಲಿಕುರ್ಚಿ ಬೇಕೆಂಬುದೂ ನೆನಪಿತ್ತು. ತೊಂಬತ್ತೇಳರ ವಯಸ್ಸಿಗೂ ಅದು ಹುಬ್ಬೇರಿಸಲಿಲ್ಲ. ಮೂಲೆಯಲ್ಲಿ ಗಡಿಯಾರವೊಂದು ಹಿಮ್ಮುಖವಾಗಿ ಓಡುತ್ತಿತ್ತು: ಸೀಟುಗಳನ್ನು ಇನ್ನು ನಾಲ್ಕು ನಿಮಿಷ ಮಾತ್ರ ಕಾಯ್ದಿರಿಸಲಾಗುವುದು. ಗೋಡೆಯ ಗಡಿಯಾರ ರಾಹುವಿನ ಕಡೆಗೆ ಓಡುತ್ತಿತ್ತು. ಸೆಲೆಟಾರಿನಲ್ಲಿ ನಮ್ಮದೊಂದು ಕಟ್ಟಳೆ. ಒಬ್ಬ ಕೆಲಸ ಮಾಡಬೇಕು, ಇನ್ನೊಬ್ಬ ಪರೀಕ್ಷಿಸಿ ಸಹಿ ಹಾಕಬೇಕು. ಎರಡು ಜೋಡಿ ಕಣ್ಣು ನೋಡದೆ ಒಂದು ಬೋಲ್ಟೂ ವಿಮಾನ ಏರುವಂತಿಲ್ಲ. ಮನೆಯಲ್ಲಿ ಪರೀಕ್ಷಕಿ ಸರೋಜ.

"ನೋಡು, ಎಲ್ಲಾ ಸರಿಯಾಗಿದೆಯಾ?"

"ಸರಿ ಇದೆ, ಒತ್ತಿ, ಒತ್ತಿ, ಒಂದೂ ಇಪ್ಪತ್ತೊಂಬತ್ತು!"

ಒತ್ತಿದೆ. ಅಭಿನಂದನೆಗಳು ಎಂದಿತು. ಇಬ್ಬರೂ ದೇವರಿಗೆ ಕೈಮುಗಿದೆವು.

ಸಂಜೆ ಸ್ಮಿತಾ ಸೆರಂಗೂನಿನ ತನ್ನ ಮನೆಯಿಂದ ಬಂದಳು. ಬ್ಯಾಂಕಿನಲ್ಲಿ ಇಡೀ ದಿನ ಇತರರ ತಪ್ಪು ಹಿಡಿಯುವುದೇ ಅವಳ ಉದ್ಯೋಗ. ನನ್ನ ಫೋನು ತಿರುಗಿಸಿ ನೋಡಿ, "ಅಪ್ಪಾ, ಫೋರ್ ಟಿಕೆಟ್ಸ್ ಇದೆ ಲಾ. ಅಜ್ಜಿ ಕೂಡ ಬರ್ತಿದಾರಾ?" ಎಂದು ಈ ಊರಿನ 'ಲಾ' ಸೇರಿಸಿ ನಕ್ಕಳು. ನಗು ಅರ್ಧಕ್ಕೆ ನಿಂತಿತು, ಏಕೆಂದರೆ ನಾವಿಬ್ಬರೂ ನಗಲಿಲ್ಲ. ಕಮಲಮ್ಮನವರಿಗೆ ಹದಿನೆಂಟನೆಯ ಸಾಲಿನ ಕಿಟಕಿ ಸೀಟು ಸಿಕ್ಕಿತ್ತು.

"ಕ್ಯಾನ್ಸಲ್ ಮಾಡಿ. ನಾಳೆವರೆಗೂ ಟೈಮ್ ಇದೆ."

"ಬೆಳಿಗ್ಗೆ ಮಾಡ್ತೀನಿ" ಎಂದೆ. ಆ ಹೊತ್ತಿನಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟು 'ತೆಗೆದುಹಾಕು' ಎಂದು ಒತ್ತುವುದು ನನ್ನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ, ನಾನು ಕಂಪ್ಯೂಟರಿನ ಮುಂದೆ ಕೂರುವಷ್ಟರಲ್ಲಿ ಪದ್ದಕ್ಕನ ಫೋನ್ ಬಂತು. ಅವರಿಗೆ ಇನ್ನೂ ಹಿಂದಿನ ದಿನದ ಸಂಜೆ. ಟಿಕೆಟ್ಟಿನ ಪ್ರತಿ ಅವರಿಗೂ ಹೋಗಲಿ ಎಂದು ಅವರ ಇಮೇಲನ್ನು ನಾನೇ ಕೊಟ್ಟಿದ್ದೆ. ಪಕ್ಕದ ಮನೆಯವರ ಹತ್ತಿರ ಓದಿಸಿದ್ದರು.

"ಮೂರ್ತಿ, ಟಿಕೆಟ್ ಬಂತು."

"ಹೂಂ ಪದ್ದಕ್ಕ."

"ಅಮ್ಮನಿಗೂ ಮಾಡಿದ್ದೀಯ."

ಆಮೇಲೆ ಬಹಳ ಮೆಲ್ಲಗೆ ಕೇಳಿದರು:

"ಹಾಗಾದ್ರೆ ಎದ್ದಳಾ?"

ಹೊರಗೆ ನೆತ್ತಿ ಸುಡುವ ಬಿಸಿಲಿತ್ತು. ಕೆಳಗೆ ಯಾರೋ ಬಸ್ಸಿಗೆ ಓಡುತ್ತಿದ್ದರು.

"ಪದ್ದಕ್ಕ, ಅದು ಒಂದು ಸಣ್ಣ ತಪ್ಪು..."

"ತಪ್ಪೇನು ಬಂತು? ಕಿಟಕಿ ಪಕ್ಕ ಹಾಕಿದ್ದೀಯ, ಅವಳಿಗೆ ಇಷ್ಟ. ಅದನ್ನ ತೆಗೆದುಗಿಗೆದುಬಿಟ್ಟೀಯ ಜೋಕೆ. ಅಮ್ಮ ಬರಲ್ಲ ಅಂದ್ರೆ ನಾನೂ ಬರಲ್ಲ." ಫೋನ್ ಇಟ್ಟರು.

ಹೀಗೆ, ಇಲ್ಲದವರ ಟಿಕೆಟ್ಟು ಇರುವವರ ಪ್ರಯಾಣಕ್ಕೆ ಆಧಾರವಾಯಿತು. ತೆಗೆದರೆ ಪದ್ದಕ್ಕ ಹೊರಡುವುದಿಲ್ಲ. ಹೊರಡದಿದ್ದರೆ ರಂಗ ಅಕ್ಕನನ್ನು ನೋಡದೆಯೇ ಆಪರೇಷನ್ ಮೇಜು ಹತ್ತಬೇಕು. ಬಿಟ್ಟುಬಿಟ್ಟೆ.

ಅಲ್ಲಿಂದ ಸಂದೇಶಗಳು ಶುರುವಾದವು. ಟಿಕೆಟ್ಟಿಗೆ ಕೊಟ್ಟಿದ್ದು ನನ್ನ ಫೋನ್ ನಂಬರು. "ನಮಸ್ಕಾರ ಕಮಲಮ್ಮ, ನಿಮ್ಮ ಪ್ರಯಾಣಕ್ಕೆ ಇನ್ನು ಒಂಬತ್ತು ದಿನ." "ಕಮಲಮ್ಮ, ಸಿಯಾಟಲಿನಲ್ಲಿ ರಾತ್ರಿ ಚಳಿಯಿದೆ, ಬೆಚ್ಚನೆಯ ಉಡುಪು ಇಟ್ಟುಕೊಂಡಿರಾ?" "ಕಮಲಮ್ಮ, ಕಾಲು ಚಾಚಲು ಹೆಚ್ಚಿನ ಜಾಗ ಬೇಕೆ?" ಇಂಗ್ಲಿಷಿನಲ್ಲಿ ಬಂದರೂ ನನಗೆ ಮಾತ್ರ ಕನ್ನಡದಲ್ಲೇ ಕೇಳುತ್ತಿತ್ತು. ಬರುತ್ತಿದ್ದುದು ದಿನವೂ ಮಧ್ಯಾಹ್ನ ನಾಲ್ಕಕ್ಕೆ. ಎಲ್ಲೋ ಒಂದು ಯಂತ್ರಕ್ಕೆ ಆ ಹೊತ್ತು ನಿಗದಿಯಾಗಿರುತ್ತದೆ, ಅಷ್ಟೇ, ಎಂದು ನನಗೆ ನಾನೇ ತಾಂತ್ರಿಕ ವಿವರಣೆ ಕೊಟ್ಟುಕೊಂಡೆ. ಆದರೂ ಮೂರು ಐವತ್ತೈದಾದರೆ ಕಣ್ಣು ಹಿಂದಿನ ಕೋಣೆಯ ಬಾಗಿಲಿಗೆ ಹೋಗುತ್ತಿತ್ತು. ಸರೋಜ, ಸ್ಮಿತಾ ವಿಮಾನ ಹತ್ತಿದ ಮೇಲೆ ಮನೆಯಲ್ಲಿ ನಾನೊಬ್ಬನೇ. ಒಂದು ದಿನ ಫೋನನ್ನು ಊಟದ ಮೇಜಿನ ಮೇಲೆ ಬಿಟ್ಟು ಬಾಲ್ಕನಿಯಲ್ಲಿ ನಿಂತಿದ್ದೆ. ಸದ್ದು ಬಂದದ್ದು ಹಿಂದಿನ ಕೋಣೆಯಿಂದ. ಹೋಗಿ ನೋಡಿದರೆ ಫೋನ್ ಅಲ್ಲೇ, ಮಂಚದ ಮೇಲೆ ಇತ್ತು. ನಾನೇ ಮರೆತು ಇಟ್ಟಿರಬೇಕು. ಎಪ್ಪತ್ತಾಯಿತಲ್ಲ.

ಹೊರಗಡೆ ಹೋದರೆ ಇನ್ನೊಂದು. ಅದು ಚೀನೀಯರ ಏಳನೆಯ ತಿಂಗಳು. ಸತ್ತವರು ತಿಂಗಳ ಮಟ್ಟಿಗೆ ಮನೆಗೆ ಬಂದು ಹೋಗುವ ಕಾಲ. ನಮ್ಮ ಬ್ಲಾಕಿನ ಹುಲ್ಲಿನ ಮೇಲೆ ಕಬ್ಬಿಣದ ಡಬ್ಬಗಳಲ್ಲಿ ಕಾಗದದ ಅಂಗಿ, ಕಾಗದದ ಫೋನು, ಒಂದು ದಿನ ಕಾಗದದ ಪಾಸ್‌ಪೋರ್ಟೂ ಉರಿಯುತ್ತಿದ್ದವು. ಮೈದಾನದಲ್ಲಿ ಅವರಿಗಾಗಿ ಹಾಡು ಕುಣಿತದ ವೇದಿಕೆ. ಸಂಜೆ ಕಾಲು ಸೋತು ಮುಂದಿನ ಸಾಲಿನ ಕೆಂಪು ಕುರ್ಚಿಯಲ್ಲಿ ಕೂರಲು ಹೋದೆ. ಪಕ್ಕದ ಬ್ಲಾಕಿನ ಚೀನೀ ಆಂಟಿಯೊಬ್ಬರು ಓಡಿಬಂದು, "ಅಂಕಲ್, ಅಂಕಲ್! ಫ್ರಂಟ್ ರೋ ಕೆನಾಟ್ ಸಿಟ್ ಲಾ. ರಿಸರ್ವ್ಡ್!" ಎಂದರು. ಯಾರಿಗೆ ಎಂದು ಕೇಳಲಿಲ್ಲ. ಆ ಸಾಲು ಪೂರ್ತಿ ಖಾಲಿಯಿತ್ತು, ಪೂರ್ತಿ ಭರ್ತಿಯಾಗಿತ್ತು. ಸೀಟು ಕಾಯ್ದಿರಿಸುವ ವಿದ್ಯೆಯಲ್ಲಿ ನನಗಿಂತ ಮುಂದಿರುವ ಜನ.

ವಿಮಾನದ ದಿನ ಬಂತು. ಅಲ್ಲಿ ಸಂಜೆ ಐದಕ್ಕೆ ಹೊರಡಬೇಕು, ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ ಎಂಟು. ಮನೆಯಲ್ಲಿ ಕೂರಲಾರದೆ ತಿಂಡಿಯಂಗಡಿಗಳ ಹಾಕರ್ ಸೆಂಟರಿಗೆ ಹೋಗಿ, ಜನ ತುಂಬಿದ ಮೇಜೊಂದನ್ನು ಆರಿಸಿ ಕೋಪಿ ಎಂಬ ಇಲ್ಲಿನ ಕಾಫಿ ತಗೊಂಡು ಕೂತೆ. ಏಳೂ ಇಪ್ಪತ್ತೈದಕ್ಕೆ ಫೋನ್ ನಡುಗಿತು: "ಕಮಲಮ್ಮ, ನಿಮ್ಮ ವಿಮಾನಕ್ಕೆ ಪ್ರವೇಶ ಆರಂಭವಾಗಿದೆ." ಏಳೂ ನಲವತ್ತಕ್ಕೆ: "ಕಮಲಮ್ಮ, ನಿಮಗಾಗಿ ಕಾಯುತ್ತಿದ್ದೇವೆ." ಆಮೇಲೆ ಸರೋಜಳ ಫೋನ್.

"ರೀ, ಇಲ್ಲಿ ಗಾಲಿಕುರ್ಚಿ ತಂದು ನಿಲ್ಲಿಸಿದಾರೆ."

"ಯಾರಿಗೆ?"

"ಯಾರಿಗೆ ಅಂತ ಕೇಳ್ತೀರಲ್ಲ! ಅಕ್ಕ ಅದರ ಮೇಲೆ ತನ್ನ ಶಾಲು ಹಾಕಿಬಿಟ್ಟಿದಾಳೆ. ಗೇಟಿನವಳು ಬಂದು ಕೇಳಿದ್ರೆ, ಬರ್ತಾಳೆ ಅಂತಾಳೆ. ನಾವು ಹತ್ತೋಣ ಅಂದ್ರೆ ಕದಲ್ತಾ ಇಲ್ಲ. ಸ್ಮಿತಾ ಅಳ್ತಾ ಇದಾಳೆ."

ಅವಳ ಮಾತಿನ ಹಿಂದೆ ಧ್ವನಿವರ್ಧಕದಲ್ಲಿ ಒಂದು ಹೆಣ್ಣುದನಿ, ಬಹಳ ವಿನಯದಿಂದ, ಕಮಲಮ್ಮ ಎಂಬ ಪ್ರಯಾಣಿಕರು ಎಲ್ಲಿದ್ದರೂ ತಕ್ಷಣ ಬರಬೇಕೆಂದು ಕರೆಯಿತು. ಇದು ಕೊನೆಯ ಕರೆ ಎಂದಿತು. ಹನ್ನೊಂದು ವರ್ಷದ ಹಿಂದೆ ನಾಲ್ಕು ಸಲ 'ಅತ್ತೆ, ಅತ್ತೆ' ಎಂದು ಕೂಗಿ ನಾನು ಬಿಟ್ಟದ್ದನ್ನು ಈ ಅಪರಿಚಿತೆ ಇಡೀ ವಿಮಾನ ನಿಲ್ದಾಣಕ್ಕೆ ಕೇಳುವಂತೆ ಮುಂದುವರಿಸುತ್ತಿದ್ದಳು. ಯಾರಾದರೂ ಓಗೊಟ್ಟುಬಿಟ್ಟರೆ ಎಂಬ ಭಯದಲ್ಲಿ ನಾನು ಕೋಪಿಯ ಲೋಟ ಹಿಡಿದೇ ಕೂತಿದ್ದೆ.

"ಅಕ್ಕ ಫೋನ್ ಕೇಳ್ತಿದಾಳೆ" ಎಂದಳು ಸರೋಜ.

"ಮೂರ್ತಿ." ಪದ್ದಕ್ಕನ ದನಿಯಲ್ಲಿ ಹುಚ್ಚಿನ ಲವಲೇಶವೂ ಇರಲಿಲ್ಲ. "ಇವರು ಕೇಳ್ತಿದಾರೆ, ನಿಮ್ಮಮ್ಮ ಎಲ್ಲಿ ಅಂತ. ನಾನೇನು ಹೇಳಲಿ?"

"ಪದ್ದಕ್ಕ, ನಿಮಗೆ ಗೊತ್ತು..."

"ನನಗೆ ಗೊತ್ತಿಲ್ಲ. ನನಗೆ ಯಾರಾದ್ರೂ ಹೇಳಿದ್ರೆ ತಾನೇ ನಾನು ಇವರಿಗೆ ಹೇಳೋದು? ನೀನಿದ್ದೆ ಆ ಮನೇಲಿ. ಹತ್ತು ನಿಮಿಷಕ್ಕೆ ಬಾಗಿಲು ಹಾಕ್ತಾರಂತೆ. ಹೇಳು."

ಎದುರಿಗೆ ಯಾರೋ ನೂಡಲ್ಸ್ ತಿನ್ನುತ್ತಿದ್ದರು. ಒಬ್ಬಾಕೆ ಮೇಜು ಒರೆಸುತ್ತಿದ್ದಳು. ಆ ಗದ್ದಲದ ನಡುವೆ, ಹನ್ನೊಂದು ವರ್ಷ ತಡವಾಗಿ, ಒಂದು ಸಾವಿನ ಸುದ್ದಿಯನ್ನು ನಾನು ತಲುಪಿಸಿದೆ.

"ಅತ್ತೆ ತೀರಿಕೊಂಡರು, ಪದ್ದಕ್ಕ."

"ಯಾವಾಗ?"

"ಮಧ್ಯಾಹ್ನ. ಊಟ ಆಗಿತ್ತು. ನಾಲ್ಕಕ್ಕೆ ಎಬ್ಬಿಸಿ ಅಂತ ಹೇಳಿ ಮಲಗಿದ್ರು. ನಾನೇ ಎಬ್ಬಿಸೋಕೆ ಹೋದೆ. ಕಾಫಿ ತಗೊಂಡು ಹೋಗಿದ್ದೆ."

"ಏನಾಯ್ತು ಆ ಕಾಫಿ?"

ಯಾರೂ ಕೇಳಿರಲಿಲ್ಲ ಅದನ್ನು. "ಆರಿಹೋಯ್ತು" ಎಂದೆ. "ಆಮೇಲೆ ಸಿಂಕಿಗೆ ಚೆಲ್ಲಿದೆ."

"ಕಷ್ಟಪಟ್ಟಳಾ?"

"ಇಲ್ಲ. ಕೈ ಕೆನ್ನೆ ಕೆಳಗೆ ಇಟ್ಕೊಂಡೇ ಇದ್ರು." ನಿಲ್ಲಿಸಿದರೆ ಮತ್ತೆಂದೂ ಬಾಯಿ ಬರುವುದಿಲ್ಲವೆನಿಸಿತು. "ಪದ್ದಕ್ಕ, ನಿಮಗೆ ಹೇಳಬೇಡ ಅಂದದ್ದು ರಂಗ ಅಲ್ಲ. ನಾನು. ಅವನು ಹೇಳೋಣ ಅಂತಲೇ ಇದ್ದ. ಮಲಗಿದ್ದಾಳೆ ಅನ್ನು ಅಂತ ಕಾಗದದಲ್ಲಿ ಬರೆದು ಹಿಡಿದದ್ದು ನಾನು. ಹದಿಮೂರು ದಿನವೂ."

ಆ ಕಡೆ ಚಕ್ರದ ಸೂಟ್‌ಕೇಸೊಂದು ಗಡಗಡನೆ ಹಾದುಹೋಯಿತು. ಫೋನು ಅವರ ಕೈಯಲ್ಲೇ ಇತ್ತು, ಆದರೆ ಮಾತು ನನ್ನೊಂದಿಗೆ ಇರಲಿಲ್ಲ. ಗೇಟಿನವಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಿಧಾನವಾಗಿ, ಒಂದೊಂದೇ ಪದ: ನನ್ನ ತಾಯಿ ಬರುವುದಿಲ್ಲ. ತೀರಿಕೊಂಡಳು.

ಗೇಟಿನವಳ ದನಿ ಗಾಬರಿಯಾಯಿತು. ಅಯ್ಯೋ, ಯಾವಾಗ ಎಂದು ಕೇಳಿದಳು.

"ಜಸ್ಟ್ ನೌ" ಎಂದರು ಪದ್ದಕ್ಕ. "ಈಗ ತಾನೇ ಸುದ್ದಿ ಬಂತು."

ಹಾಗಿದ್ದರೂ ನೀವು ಪ್ರಯಾಣ ಮಾಡುತ್ತೀರಾ ಮೇಡಂ?

"ಮಾಡಲೇಬೇಕು. ನನ್ನ ತಮ್ಮನಿಗೆ ಹೇಳಬೇಕು."

ಆಮೇಲೆ ಫೋನ್ ಕಟ್ಟಾಯಿತು. ಎಂಟು ದಾಟಿ ಮೂರು ನಿಮಿಷಕ್ಕೆ ಕೊನೆಯ ಸಂದೇಶ ಬಂತು: ಕಮಲಮ್ಮನವರೇ, ನಿಮ್ಮ ವಿಮಾನ ತಪ್ಪಿತೆಂದು ವಿಷಾದಿಸುತ್ತೇವೆ, ಬೇರೆ ದಿನ ಆರಿಸುವಿರಾ? ಕೆಳಗೆ ಹೌದು, ಬೇಡ ಎಂದು ಎರಡು ಗುಂಡಿ. ಬೇಡ ಎಂದು ಒತ್ತಿ, ಕೋಪಿ ಅಲ್ಲೇ ಬಿಟ್ಟು ಎದ್ದೆ.

ಸಿಯಾಟಲಿನಲ್ಲಿ ಬಾಗಿಲು ತೆಗೆದ ರಂಗನಿಗೆ ಪದ್ದಕ್ಕ ಹೊಸ್ತಿಲಲ್ಲೇ ಹೇಳಿದರಂತೆ: "ಅಮ್ಮ ಹೋಗ್ಬಿಟ್ಳು ಕಣೋ." ಅವನು ಆಗಷ್ಟೇ ಕೇಳಿದವನಂತೆ ಕುಸಿದು ಕೂತನಂತೆ. ಇಬ್ಬರೂ ಮೂರು ದಿನ ಸೂತಕದ ಮನೆಯವರಂತೆ ಅತ್ತು, ಅಮ್ಮನ ಅಡುಗೆ, ಅಮ್ಮನ ಬೈಗುಳ ನೆನೆದು ನಕ್ಕು, ನಾಲ್ಕನೆಯ ದಿನ ಆಸ್ಪತ್ರೆಗೆ ಹೋದರು. ಆಪರೇಷನ್ ಆಯಿತು. ರಂಗ ಈಗ ಮನೆಯಂಗಳದಲ್ಲಿ ನಡೆದಾಡುತ್ತಾನೆ. ಪದ್ದಕ್ಕ ಅಲ್ಲೇ ಇದ್ದಾರೆ, ವಾಪಸು ಹೋಗುವ ಮಾತೆತ್ತಿಲ್ಲ.

ಪ್ಯಾಡಿನ ಸಂಗತಿ ಅಕ್ಕನಿಂದ ಕೇಳಿ ಹಿಂತಿರುಗಿದ ಸರೋಜ ಒಂದು ವಾರ ನನಗೆ ಬಡಿಸಿದಳು, ಮಾತಾಡಲಿಲ್ಲ. ಎಂಟನೆಯ ದಿನ, "ಸಾರಿಗೆ ಉಪ್ಪು ಸಾಕಾ?" ಎಂದಳು. ಸಾಕು ಎಂದೆ. ಸಾಕಿರಲಿಲ್ಲ.

ಪದ್ದಕ್ಕ ಭಾನುವಾರ ಬೆಳಿಗ್ಗೆ ಸರೋಜಳಿಗೆ ಫೋನ್ ಮಾಡುತ್ತಾರೆ. ಸ್ಪೀಕರಿಗೆ ಹಾಕಿರುತ್ತಾಳೆ. ಸ್ಮಿತಾಳನ್ನು ಕೇಳುತ್ತಾರೆ, ಲಿಫ್ಟ್ ರಿಪೇರಿಯಾಯಿತೇ ಎಂದು ಕೇಳುತ್ತಾರೆ, ಬಾಲ್ಕನಿಯ ಕರಿಬೇವನ್ನು ಕೇಳುತ್ತಾರೆ. ನನ್ನನ್ನು ಕೇಳುವುದಿಲ್ಲ. ಕಳೆದ ಭಾನುವಾರ ಮಾತು ಮುಗಿಯುತ್ತ ಬಂದಾಗ, "ಮನೇಲಿ ಯಾರ್ಯಾರಿದೀರಾ?" ಎಂದರು.

ಸರೋಜ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಅದೇ ಸೋಫಾದ ಮೇಲೆ, ಅವಳಿಂದ ಒಂದು ಮೊಳ ದೂರದಲ್ಲಿ, ಪೇಪರು ಬಿಚ್ಚಿಕೊಂಡು ಕೂತಿದ್ದೆ.

"ಯಾರೂ ಇಲ್ಲಕ್ಕ. ನಾನೊಬ್ಬಳೇ" ಎಂದಳು.

ಪೇಪರಿನ ಹಾಳೆ ಸದ್ದಾಗದಂತೆ ನಾನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.